ಆಯುಸ್ಸನ್ನು ಹಿಗ್ಗಿಸುವ ವಿದ್ಯೆ



ಜುಮೇರಾ ಲೇಕ್ ಟವರ್ಸ್‌ನ ಕೆರೆಗಳು ಮಳೆಯಿಂದ ತುಂಬಿದವಲ್ಲ. ಮರಳಿನ ನಡುವೆ ಮನುಷ್ಯನೇ ಕಟ್ಟಿಕೊಂಡವು. ಅವುಗಳ ದಂಡೆಯಲ್ಲಿ ಮನೆ ಮಾಡಿರುವ ನಮಗೆ, ಪ್ರಕೃತಿ ಕೊಟ್ಟುದನ್ನು ಇದ್ದಂತೆಯೇ ಒಪ್ಪಿಕೊಳ್ಳಬೇಕಾಗಿಲ್ಲ ಎಂಬ ಮಾತು ಹೊಸದೆನಿಸಲಾರದು. ಇದೇ ಮಾತನ್ನು ಮನುಷ್ಯನ ದೇಹಕ್ಕೂ ಆಯುಸ್ಸಿಗೂ ಅನ್ವಯಿಸುವ ಒಂದು ವಿಚಾರಧಾರೆ ಕಳೆದ ಆರೇಳು ದಶಕಗಳಲ್ಲಿ ಬೆಳೆದು ಬಂದಿದೆ. ಅದಕ್ಕೆ ಟ್ರಾನ್ಸ್‌ಹ್ಯೂಮನಿಸಂ ಎಂದು ಹೆಸರು. ಕನ್ನಡದಲ್ಲಿ ಅತಿಮಾನವತಾವಾದ ಎನ್ನಬಹುದೇನೋ. ಆದರೆ ಆ ಪದ ಬಾಯಿಗೆ ದೊಡ್ಡದು, ಮೇಲಾಗಿ ಪುರಾಣದ ವಾಸನೆಯನ್ನೂ ತರುತ್ತದೆ. ಆದ್ದರಿಂದ ಇಂದಿನ ಉಪನ್ಯಾಸದಲ್ಲಿ ಅದನ್ನು ಆಯುಸ್ಸನ್ನು ಹಿಗ್ಗಿಸುವ ವಿದ್ಯೆ ಎಂದೇ ಕರೆಯೋಣ.

ಈ ಹೆಸರನ್ನು ಪ್ರಚಾರಕ್ಕೆ ತಂದವರು ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ. ಯುನೆಸ್ಕೋದ ಮೊದಲ ಮಹಾನಿರ್ದೇಶಕರಾಗಿದ್ದ ಅವರು 1957ರಲ್ಲಿ ಪ್ರಕಟವಾದ ಒಂದು ಪ್ರಬಂಧಕ್ಕೆ ಇದೇ ಶೀರ್ಷಿಕೆಯನ್ನಿತ್ತರು. ಅವರೇ ಮುಂದೆ ಬ್ರಿಟನ್ನಿನ ಸುಸಂತಾನಶಾಸ್ತ್ರ ಸಂಘದ ಅಧ್ಯಕ್ಷರೂ ಆಗಿದ್ದರೆಂಬುದನ್ನು ಮರೆಯಬಾರದು. ಮನುಷ್ಯನನ್ನು ‘ಉತ್ತಮಪಡಿಸುವ’ ಮಾತು ಬಂದಾಗಲೆಲ್ಲ ಯಾರನ್ನು, ಯಾರ ಅಳತೆಯಲ್ಲಿ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಈ ಪಂಥದ ಇನ್ನೊಬ್ಬ ಪ್ರಸಿದ್ಧ ವ್ಯಕ್ತಿ ಇರಾನಿ ಮೂಲದ ಫೆರೆಯ್ದೂನ್ ಎಸ್ಫಂದಿಯಾರಿ. 1930ರಲ್ಲಿ ಹುಟ್ಟಿದ ಆತ 2030ರಲ್ಲಿ ತನ್ನ ನೂರನೆಯ ಹುಟ್ಟುಹಬ್ಬವನ್ನು ಆಚರಿಸುವೆನೆಂಬ ನಂಬಿಕೆಯಿಂದ ಎಫ್‌ಎಂ-2030 ಎಂದು ಹೆಸರನ್ನೇ ಬದಲಿಸಿಕೊಂಡ. 2000ದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಅವನ ದೇಹವನ್ನು ಅಮೆರಿಕದ ಅರಿಜೋನಾದಲ್ಲಿ ದ್ರವ ಸಾರಜನಕದ ಶೈತ್ಯದಲ್ಲಿ ಕಾಪಾಡಲಾಗಿದೆ.

ಇದನ್ನು ಕೇಳಿ ನಗುವ ಮುನ್ನ ನಮ್ಮ ಪೂರ್ವಿಕರನ್ನು ನೆನೆಯಬೇಕು. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನತಂತ್ರವೆಂಬುದು ಒಂದು. ಮುಪ್ಪನ್ನು ತಡೆಯುವುದೇ ಅದರ ಗುರಿ. ಇಂದು ನಮ್ಮ ಮನೆಗಳಲ್ಲಿ ರಸಾಯನವೆಂದರೆ ಬಾಳೆಹಣ್ಣು, ಬೆಲ್ಲ, ತೆಂಗಿನಹಾಲು ಎಂದಾಗಿರುವುದು ಬೇರೆ ಮಾತು! ಅಶ್ವಿನೀದೇವತೆಗಳಿಂದ ಯೌವನ ಪಡೆದ ಚ್ಯವನ ಋಷಿಯ ಹೆಸರು ಲೇಹ್ಯದ ಡಬ್ಬಿಯ ಮೇಲೆ ಈಗಲೂ ಉಳಿದಿದೆ. ಆಸೆ ಹಳೆಯದು, ಸಾಧನಗಳು ಮಾತ್ರ ಹೊಸವು.

ಆ ಸಾಧನಗಳಲ್ಲಿ ಕೆಲವು ಆಗಲೇ ನಮ್ಮ ಮನೆಯ ಹಿರಿಯರ ಮೈಯೊಳಗೆ ಸೇರಿವೆ. ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರನ್ನು ಮೊದಲು ದೇಹದೊಳಗಿರಿಸಿದ್ದು 1958ರ ಅಕ್ಟೋಬರಿನಲ್ಲಿ, ಸ್ವೀಡನ್ನಿನಲ್ಲಿ. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ರೋಗಿಯಾದ ಆರ್ನೆ ಲಾರ್ಸನ್ ಮುಂದಿನ ವರ್ಷಗಳಲ್ಲಿ ಒಂದಾದಮೇಲೊಂದರಂತೆ ಒಟ್ಟು 26 ಪೇಸ್‌ಮೇಕರುಗಳನ್ನು ಬಳಸಿ, ಅದನ್ನು ರಚಿಸಿದ ಎಂಜಿನಿಯರನೂ ಅಳವಡಿಸಿದ ಶಸ್ತ್ರವೈದ್ಯನೂ ತೀರಿಕೊಂಡ ಮೇಲೆ, 2001ರಲ್ಲಿ, ತನ್ನ 86ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದ. ಕಣ್ಣಿನ ಕೃತಕ ಮಸೂರದ ಕಥೆಯೂ ಇಂಥದೇ. ಯುದ್ಧವಿಮಾನಗಳ ಮೇಲುಹೊದಿಕೆಯ ಪ್ಲಾಸ್ಟಿಕ್ ಚೂರುಗಳು ಪೈಲಟ್ಟುಗಳ ಕಣ್ಣು ಹೊಕ್ಕರೂ ಕೆರಳಿಸದೆ ಇದ್ದುದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ, ಲಂಡನ್ನಿನಲ್ಲಿ 1949ರಲ್ಲಿ ಅಂಥದೇ ವಸ್ತುವಿನ ಮಸೂರವನ್ನು ಕಣ್ಣಿನಲ್ಲಿ ಕೂರಿಸಿದ. ನಮ್ಮಲ್ಲಿ ಬೀಳಗಿಯ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿ ಪೊರೆ ತೆಗೆದುದನ್ನು ಇಲ್ಲಿನ ಹಿರಿಯರು ಬಲ್ಲರು. ಆ ಕಾಲದಲ್ಲಿ ಪೊರೆ ತೆಗೆಸಿಕೊಂಡವರಿಗೆ ದಪ್ಪ ಗಾಜಿನ ಕನ್ನಡಕವೇ ಗತಿ. ಈಗ ಅಜ್ಜಿಯ ಕಣ್ಣಿನೊಳಗೇ ಮಸೂರ. ಅಂತಹ ಅಜ್ಜಿಯನ್ನು ನಾವು ಅತಿಮಾನವಳೆಂದು ಕರೆಯುವುದಿಲ್ಲ. ಅವಳು ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆಂದು ಸಂತೋಷಪಡುತ್ತೇವೆ. ಕಳೆದುಹೋದುದನ್ನು ಹಿಂದಿರುಗಿಸುವ ಚಿಕಿತ್ಸೆಗೂ ಎಂದೂ ಇರದಿದ್ದುದನ್ನು ಸೇರಿಸುವ ವರ್ಧನೆಗೂ ನಡುವೆ ಗೆರೆ ಎಳೆಯುವುದು ಕಷ್ಟವೆಂಬುದಕ್ಕೆ ಇದೇ ನಿದರ್ಶನ.

ಹಾಗಾದರೆ ಆಯುಸ್ಸು ನಿಜವಾಗಿ ಹಿಗ್ಗಿದೆಯೆ? ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಸುಮಾರು 70. ಆದರೆ ಇದರಿಂದ ಹಿಂದಿನವರೆಲ್ಲರೂ 32ಕ್ಕೇ ಮುದುಕರಾಗುತ್ತಿದ್ದರೆಂದು ತಿಳಿಯಬಾರದು. ಹುಟ್ಟಿದ ಮಕ್ಕಳಲ್ಲಿ ಅನೇಕರು ತೊಟ್ಟಿಲಿನಲ್ಲೇ ಹೋಗುತ್ತಿದ್ದುದರಿಂದ ಸರಾಸರಿ ಕುಗ್ಗುತ್ತಿತ್ತು. ಅದನ್ನು ಮೇಲೆತ್ತಿದವುಗಳಲ್ಲಿ ಮುಖ್ಯವಾದವು ಲಸಿಕೆ, ಶುದ್ಧ ನೀರು, ಆಹಾರ ಮತ್ತು ಪ್ರತಿಜೀವಕ ಔಷಧಿಗಳು. ಮೇಲಿನ ಮಿತಿಯ ಮಾತೇ ಬೇರೆ. ದಾಖಲೆಗಳಿಂದ ಸ್ಥಿರಪಟ್ಟ ಅತಿ ದೀರ್ಘ ಆಯುಸ್ಸು ಫ್ರಾನ್ಸಿನ ಜಾನ್ ಕಾಲ್ಮಾ ಎಂಬಾಕೆಯದು. 1997ರಲ್ಲಿ ತೀರಿಕೊಂಡಾಗ ಆಕೆಗೆ 122 ವರ್ಷ. ಆ ಗುರುತನ್ನು ಇದುವರೆಗೆ ಯಾರೂ ದಾಟಿಲ್ಲ.

ಈ ಮಿತಿಯ ಕಾರಣವನ್ನು ಜೀವಕೋಶದಲ್ಲಿ ಹುಡುಕಬೇಕು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯನ ಸಾಮಾನ್ಯ ಜೀವಕೋಶ ಸುಮಾರು 50 ಬಾರಿ ವಿಭಜನೆಗೊಂಡು ನಿಂತುಬಿಡುತ್ತದೆಂದು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದರು. ಪ್ರತಿ ವಿಭಜನೆಯಲ್ಲೂ ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ಭಾಗ ಸವೆಯುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಆ ತುದಿಯನ್ನು ಸವೆಯಲು ಬಿಡದಿದ್ದರಾಯಿತಲ್ಲವೆ ಎಂದು ಕೇಳಬಹುದು. ಸವೆತವನ್ನು ತಪ್ಪಿಸಿಕೊಂಡ ಜೀವಕೋಶಗಳೂ ಇವೆ. ಹೆಚ್ಚಿನ ಕ್ಯಾನ್ಸರ್ ಕೋಶಗಳು ಆ ಜಾತಿಯವು! ದೇಹ ಒಂದೆಡೆ ಮುಪ್ಪನ್ನು ಒಪ್ಪಿಕೊಂಡು ಇನ್ನೊಂದೆಡೆ ಗಡ್ಡೆಯನ್ನು ತಡೆಯುತ್ತಿದೆ. ಔಷಧಿಗಳ ವಿಷಯದಲ್ಲಿ, ಅಂಗಾಂಗ ಕಸಿಯಲ್ಲಿ ಬಳಸುವ ರಾಪಾಮೈಸಿನ್ ಇಲಿಗಳ ಆಯುಸ್ಸನ್ನು ಹೆಚ್ಚಿಸಿತೆಂದು 2009ರಲ್ಲಿ ಪ್ರಕಟವಾಯಿತು. ಮನುಷ್ಯನಲ್ಲಿ ಹಾಗಾಗುತ್ತದೆಂದು ಸಿದ್ಧಪಟ್ಟಿಲ್ಲ. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಯೆಂಬುದನ್ನು ಜಾಹೀರಾತು ನೋಡಿ ಮಾತ್ರೆ ತರಿಸುವವರು ನೆನಪಿಡಬೇಕು.

ನಮ್ಮ ಆಸುಪಾಸಿನಲ್ಲೂ ಈ ವಿದ್ಯೆಗೆ ನೆಲೆ ದೊರೆಯುತ್ತಿದೆ. ಅಬುಧಾಬಿಯ ಆರೋಗ್ಯ ಇಲಾಖೆ 2024ರಲ್ಲಿ ದೀರ್ಘಾಯುಸ್ಸಿನ ವೈದ್ಯಕೀಯ ಕೇಂದ್ರಗಳಿಗೆಂದೇ ನಿಯಮಾವಳಿ ರೂಪಿಸಿ ಪರವಾನಗಿ ನೀಡತೊಡಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಇದೇ ವಿಷಯದ ಕಾರ್ಯಕ್ರಮವೊಂದನ್ನು ನಡೆಸುತ್ತಿದೆ. ಪಾಶ್ಚಾತ್ಯರ ರಕ್ತಪರೀಕ್ಷೆಯ ಅಳತೆಗಳು ನಮ್ಮವರಿಗೆ ಸರಿಹೊಂದುವುವೆ ಎಂಬುದು ಅಲ್ಲಿಯ ಪ್ರಶ್ನೆಗಳಲ್ಲೊಂದು. ನಮಗೆ ಇವೆರಡಕ್ಕಿಂತ ಹೆಚ್ಚು ಹಿಡಿಸುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಅಧ್ಯಯನ. ಮಾವಿನ ಹಣ್ಣಿಗೆ ಹೆಸರಾದ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ನೆನಪು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆಂದು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ಪರೀಕ್ಷಿಸುತ್ತಿದ್ದಾರೆ. ನೆನಪಿಲ್ಲದ ಇಪ್ಪತ್ತು ವರ್ಷ ಸೇರಿಸಿ ಕೊಟ್ಟರೆ ಯಾರಿಗೆ ಬೇಕು?

ದೀರ್ಘಾಯುಸ್ಸಿನ ಬೆಲೆಯನ್ನು ಯಾರು ತೆರಬೇಕೆಂಬ ಪ್ರಶ್ನೆಯನ್ನು ಯಯಾತಿಯ ಕಥೆ ಬಹಳ ಹಿಂದೆಯೇ ಎತ್ತಿತು. ತಂದೆಯ ಮುಪ್ಪನ್ನು ಮಗ ಪೂರು ಹೊರುತ್ತಾನೆ. ಗಿರೀಶ್ ಕಾರ್ನಾಡರು ತಮ್ಮ ಮೊದಲ ನಾಟಕಕ್ಕೆ ಈ ವಸ್ತುವನ್ನು ಆರಿಸಿಕೊಂಡುದು ಉನ್ನತ ವ್ಯಾಸಂಗಕ್ಕೆ ಆಕ್ಸ್‌ಫರ್ಡಿಗೆ ಹೊರಟಿದ್ದ ದಿನಗಳಲ್ಲಿ. ಮಗನು ದೂರವಾಗುವನೆಂಬ ಹೆತ್ತವರ ಕಳವಳ ಮತ್ತು ತಮ್ಮ ಭವಿಷ್ಯದ ಮೇಲಿನ ಅವರ ಹಕ್ಕಿನ ಬಗ್ಗೆ ತಮಗಿದ್ದ ಅಸಮಾಧಾನ ಆ ನಾಟಕದೊಳಗೆ ಸೇರಿದ್ದುದನ್ನು ಅವರೇ ಮುಂದೆ ಬರೆದಿದ್ದಾರೆ. ಕಡಲಾಚೆ ಬಂದು ನೆಲೆಸಿದ ನಮಗೆ ಇದು ಬರಿಯ ಪುರಾಣವಲ್ಲ.

ಏಕೆಂದರೆ ಈ ವಿದ್ಯೆ ನಮ್ಮಲ್ಲಿ ಬಹುಮಂದಿಯನ್ನು ಎದುರುಗೊಳ್ಳುವುದು ದುಬೈನ ಚಿಕಿತ್ಸಾಲಯದಲ್ಲಲ್ಲ. ಊರಿನ ಆಸ್ಪತ್ರೆಯ ತೀವ್ರ ನಿಗಾ ಘಟಕದಿಂದ ನಡುರಾತ್ರಿ ಬರುವ ದೂರವಾಣಿಯ ಕರೆಯಲ್ಲಿ. ತಂದೆಯವರನ್ನು ವೆಂಟಿಲೇಟರಿಗೆ ಹಾಕಬೇಕು, ಒಪ್ಪಿಗೆಯೆ ಎಂಬ ಪ್ರಶ್ನೆ. ಅಣ್ಣ ಒಂದು ಹೇಳುತ್ತಾನೆ, ಅಕ್ಕ ಇನ್ನೊಂದು. ದೂರದಲ್ಲಿರುವವನ ಮಾತು ಸಾಮಾನ್ಯವಾಗಿ ‘ಎಲ್ಲವನ್ನೂ ಮಾಡಿ’ ಎಂಬುದಾಗಿರುತ್ತದೆ. ಹತ್ತಿರವಿದ್ದು ನೋಡಿಕೊಳ್ಳಲಾಗಲಿಲ್ಲವೆಂಬ ಸಂಕಟ ಆ ಮಾತನ್ನು ಆಡಿಸುತ್ತದೆ. ಉಸಿರಾಟದ ಯಂತ್ರ ಗುಣವಾಗುವ ಕಾಯಿಲೆಯಲ್ಲಿ ಪ್ರಾಣರಕ್ಷಕ. ಗುಣವಾಗುವ ಆಸೆಯೇ ಇಲ್ಲದಲ್ಲಿ ಅದು ಸಾವನ್ನು ಮುಂದೂಡುತ್ತದೆಯೇ ಹೊರತು ಬದುಕನ್ನು ಹಿಂದಕ್ಕೆ ತರುವುದಿಲ್ಲ.

ಇಂತಹ ಸಂದರ್ಭಕ್ಕೆ ಭಾರತದಲ್ಲಿ ಈಗ ಕಾನೂನಿನ ದಾರಿಯಿದೆ. ಘನತೆಯಿಂದ ಸಾಯುವುದೂ ಜೀವಿಸುವ ಹಕ್ಕಿನೊಳಗೆ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚಿನಲ್ಲಿ ತೀರ್ಪಿತ್ತಿತು. ಆದರೆ ವಿಧಿಸಿದ ಕ್ರಮ ತೊಡಕಿನದಾಗಿದ್ದುದರಿಂದ 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಚುಚ್ಚುಮದ್ದು ಕೊಟ್ಟು ಕೊಲ್ಲುವ ದಯಾಮರಣ ಇದಲ್ಲ. ಅದಕ್ಕೆ ಇಂದಿಗೂ ಅನುಮತಿಯಿಲ್ಲ. ಫಲವಿಲ್ಲದ ಯಂತ್ರದ ಆಸರೆಯನ್ನು ತೊಡಗದಿರುವುದು ಅಥವಾ ಹಿಂತೆಗೆಯುವುದು, ನೋವು ಕಳೆಯುವ ಉಪಚಾರವನ್ನು ಮುಂದುವರಿಸುವುದು, ಇಷ್ಟೇ ಇದರ ವ್ಯಾಪ್ತಿ. ಆಸ್ಪತ್ರೆಯ ಪ್ರಾಥಮಿಕ ವೈದ್ಯಮಂಡಲಿಯೂ, ಜಿಲ್ಲಾ ವೈದ್ಯಾಧಿಕಾರಿ ನೇಮಿಸಿದ ವೈದ್ಯರಿರುವ ಎರಡನೆಯ ಮಂಡಲಿಯೂ ಒಪ್ಪಬೇಕು, ಮನೆಯವರ ಸಮ್ಮತಿ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಬುದ್ಧಿ ಸ್ವಸ್ಥವಾಗಿರುವಾಗಲೇ ತನ್ನ ಇಚ್ಛೆಯನ್ನು ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೂ ಇಲ್ಲಿ ಅವಕಾಶವಿದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನ್ನ ಪರವಾಗಿ ಮಾತನಾಡಬೇಕಾದ ಬಂಧುಗಳ ಹೆಸರನ್ನೂ ಅದರಲ್ಲಿ ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಬಹುದು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಈ ಮಾತನ್ನು ತೆಗೆಯುವುದು ಸುಲಭವಲ್ಲವೆಂಬುದನ್ನು ಬಲ್ಲೆವು. ಅಪಶಕುನ ನುಡಿಯಬೇಡ ಎಂದು ಅಮ್ಮ ಗದರಿಯಾರು. ಆಸ್ತಿಯ ಉಯಿಲಿನ ಮಾತಿನ ಜೊತೆಯಲ್ಲಿ, ಅಥವಾ ನೆರೆಮನೆಯ ಹಿರಿಯರ ಕೊನೆಯ ದಿನಗಳ ಪ್ರಸ್ತಾಪ ಬಂದಾಗ, ‘ನಿಮ್ಮ ಮನಸ್ಸಿನಲ್ಲಿ ಏನಿದೆ’ ಎಂದು ಕೇಳಿದರೆ ಅವರೇ ಹೇಳುವುದುಂಟು. ಹೇಳಿದುದನ್ನು ಬರೆಯಿಸಿ, ಒಂದು ಪ್ರತಿಯನ್ನು ಮನೆಯ ವೈದ್ಯರ ಬಳಿ ಕೊಡಿ. ಹೆಸರಿಸುವ ಬಂಧುಗಳಲ್ಲಿ ಒಬ್ಬರಾದರೂ ಊರಿನಲ್ಲೇ ಇರುವವರಾಗಲಿ; ಇಲ್ಲಿಂದ ಬೆಂಗಳೂರಿಗೆ ವಿಮಾನ ಸುಮಾರು ನಾಲ್ಕು ಗಂಟೆಯ ಹಾದಿಯಾದರೂ, ಅಂತಹ ರಾತ್ರಿಯಲ್ಲಿ ಟಿಕೆಟ್ಟು ಸಿಗುವುದು ಮರುದಿನಕ್ಕೇ.