ಕಿಡ್ನಿ ಕಾಯಿಲೆಯವರಿಗೆ ಯಾವ ಐಸ್‌ಕ್ರೀಮ್?

ನಮ್ಮ ಕಾಸರಗೋಡು ಕಡೆ ಮದುವೆಯಾಗಲಿ, ಪ್ರಥಮ ಪರಮಪ್ರಸಾದದ ಔತಣವಾಗಲಿ, ಕೊನೆಗೆ ಐಸ್‌ಕ್ರೀಮ್ ಇಲ್ಲದೆ ಊಟ ಮುಗಿಯುವುದಿಲ್ಲ. ಅಂಥ ಒಂದು ಮದುವೆಯಲ್ಲಿ ನಾವು ಒಂದು ತಪ್ಪು ಮಾಡಿದೆವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ಹಿರಿಯರೊಬ್ಬರ ಕೈಗೆ ಎಳನೀರು ಐಸ್‌ಕ್ರೀಮ್ ಕೊಟ್ಟು, "ಒಂದು ದಿನಕ್ಕೆ ಏನಾಗುತ್ತದೆ?" ಎಂದು ಒತ್ತಾಯಿಸಿದೆವು. ಗುರುಗಳ ಮಾತು ಮೀರಲಾರದೆ ಅವರು ಎರಡು ಚಮಚ ತಿಂದರು. ಆಮೇಲೆ ಅವರ ಮಗಳು ಕಾರಣ ತಿಳಿಸಿದಾಗ ನಮಗೆ ನಾಚಿಕೆಯಾಯಿತು.

ಕಾರಣಗಳು ಮೂರು. ಮೊದಲನೆಯದು ಪೊಟ್ಯಾಶಿಯಂ. ಕಿಡ್ನಿ ಸೋತಾಗ ಇದು ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಎಳನೀರು, ಬಾಳೆ, ಹಲಸು, ಬಾದಾಮಿ, ಪಿಸ್ತಾ, ಚಾಕೊಲೇಟ್ ಇವುಗಳಲ್ಲಿ ಅದು ಹೆಚ್ಚು. ಎರಡನೆಯದು ಹಾಲಿನಲ್ಲಿರುವ ರಂಜಕ. ಇದು ಏರಿದರೆ ಮೈ ತುರಿಸುತ್ತದೆ, ಎಲುಬು ಸವೆಯುತ್ತದೆ. ಅರ್ಧ ಕಪ್ ವೆನಿಲ್ಲಾ ಐಸ್‌ಕ್ರೀಮಿನಲ್ಲಿ ಸುಮಾರು 130 ಮಿ.ಗ್ರಾಂ ಪೊಟ್ಯಾಶಿಯಂ, 70 ಮಿ.ಗ್ರಾಂ ರಂಜಕ ಇರುತ್ತದೆ. ಹಾಲನ್ನು ಬತ್ತಿಸಿ ಮಾಡುವ ಕುಲ್ಫಿಯಲ್ಲಿ ಇನ್ನೂ ಹೆಚ್ಚು. ಮೂರನೆಯದು ನೀರು. ಐಸ್‌ಕ್ರೀಮ್ ಕರಗಿದರೆ ದ್ರವವೇ ತಾನೇ? ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಹೇಳಿದ್ದರೆ ಅದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಕೆಲವು ಪೊಟ್ಟಣಗಳ ಮೇಲೆ 'ಫ್ರೋಜನ್ ಡೆಸರ್ಟ್' ಎಂದಿರುತ್ತದೆ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇದ್ದರೂ ಸಾಮಾನ್ಯವಾಗಿ ಹಾಲಿನ ಪುಡಿ ಇರುತ್ತದೆ. ಆದ್ದರಿಂದ ರಂಜಕವಿಲ್ಲವೆಂದು ಭಾವಿಸಬೇಡಿ. ಪೊಟ್ಟಣದ ಸಣ್ಣ ಅಕ್ಷರಗಳಲ್ಲಿ 'ಫಾಸ್ಫೇಟ್' ಎಂಬ ಪದ, ಅಥವಾ 339, 340, 341, 450, 451, 452 ಎಂಬ ಸಂಖ್ಯೆ ಕಂಡರೆ ಅದನ್ನು ಬಿಡುವುದು ಒಳ್ಳೆಯದು. ಹೀಗೆ ಬೆರೆಸಿದ ರಂಜಕ ಹಾಲಿನಲ್ಲಿ ಸಹಜವಾಗಿರುವುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ.

ಹಾಗಾದರೆ ಏನು ತಿನ್ನಬಹುದು? ಹಾಲಿಲ್ಲದ ಐಸ್‌ಕ್ಯಾಂಡಿ ಉತ್ತಮ. ನಿಂಬೆ, ಅನಾನಸು ಅಥವಾ ಸೇಬಿನ ರಸಕ್ಕೆ ನೀರು ಬೆರೆಸಿ, ಅಳತೆ ಗೊತ್ತಿರುವ ಸಣ್ಣ ಅಚ್ಚಿನಲ್ಲಿ ಮನೆಯಲ್ಲೇ ಮಾಡಬಹುದು. 30 ಮಿ.ಲೀ. ಅಚ್ಚಾದರೆ 30 ಮಿ.ಲೀ. ದ್ರವವೆಂದು ಲೆಕ್ಕ. ಮೆಲ್ಲನೆ ಚೀಪಿದರೆ ಬಾಯಾರಿಕೆಯೂ ತಣಿಯುತ್ತದೆ. ಐಸ್‌ಕ್ರೀಮೇ ಬೇಕೆನಿಸಿದರೆ, ಬೀಜ, ಚಾಕೊಲೇಟ್ ಇಲ್ಲದ ಸಾದಾ ವೆನಿಲ್ಲಾ ಅಪರೂಪಕ್ಕೆ ಎರಡು ಚಮಚ ಸಾಕು. ಗಡ್‌ಬಡ್‌ನ ಎತ್ತರದ ಲೋಟ ಬೇಡ. ಸಕ್ಕರೆ ಕಾಯಿಲೆಯೂ ಇದ್ದರೆ ಸಿಹಿಯ ಲೆಕ್ಕವೂ ಇರಲಿ.

ಒಂದು ಎಚ್ಚರಿಕೆ. ನಮ್ಮ ಹಿತ್ತಲಲ್ಲಿ ಬೆಳೆಯುವ ದಾರೆಹುಳಿ, ಅಂದರೆ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು, ಕಿಡ್ನಿ ಕಾಯಿಲೆಯವರಿಗೆ ವಿಷವಾಗಬಲ್ಲದು. ಅದರ ರಸ, ಕ್ಯಾಂಡಿ ಯಾವುದೂ ಬೇಡ.

ಎಲ್ಲರ ಕಾಯಿಲೆ ಒಂದೇ ಹಂತದಲ್ಲಿರುವುದಿಲ್ಲ. ರಕ್ತಪರೀಕ್ಷೆ ನೋಡಿ ವೈದ್ಯರು ಹೇಳುವುದೇ ಅವರವರ ಪಥ್ಯ. ಬಡಿಸುವ ನಮ್ಮದೂ ಒಂದು ಕರ್ತವ್ಯವಿದೆ: ಕೊಡುವ ಮೊದಲು ಕೇಳುವುದು, ಬೇಡವೆಂದರೆ ಒತ್ತಾಯಿಸದಿರುವುದು. ಮೊನ್ನೆ ಆ ಹಿರಿಯರ ಮನೆಗೆ ಹೋದಾಗ ಮಗಳು ನಿಂಬೆ ಕ್ಯಾಂಡಿ ತಂದಿಟ್ಟರು. ಅವರಿಗೂ ಒಂದು, ನಮಗೂ ಒಂದು. ಇಬ್ಬರೂ ಸಂತೋಷದಿಂದ ತಿಂದೆವು.