ಒಂದು ಗುಂಡಿಯಲ್ಲಿ ಕಾಂಬೊ: ತಪ್ಪೇನು?

‘ಕೈಯಿಂದ ಒತ್ತಿದರೂ ಅದೇ ಏಟು, ಮ್ಯಾಕ್ರೊ ಒತ್ತಿದರೂ ಅದೇ ಏಟು. ಪಂದ್ಯಗಳಲ್ಲಿ ನಿಷೇಧ ಯಾಕೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಹಲವು ಗುಂಡಿಗಳ ಸರಣಿಯನ್ನು ಒಂದೇ ಗುಂಡಿಗೆ ಒಪ್ಪಿಸಿಬಿಡುವುದೇ ಮ್ಯಾಕ್ರೊ. ಉತ್ತರ ಇರುವುದು ಕಾಲದ ಲೆಕ್ಕದಲ್ಲಿ.

ಕಾಳಗದ ಗೇಮ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್‌ಗಳ ವೇಗದಲ್ಲಿ ಓಡುತ್ತವೆ. ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಎದುರಾಳಿ ಚೇತರಿಸಿಕೊಳ್ಳುವ ಮೊದಲೇ ಏಟಿನ ಮೇಲೆ ಏಟು ಬಿದ್ದರೆ ಅದು ಕಾಂಬೊ. ಇದು ಹುಟ್ಟಿದ್ದು ಆಕಸ್ಮಿಕವಾಗಿ. 1991ರ ‘ಸ್ಟ್ರೀಟ್ ಫೈಟರ್ 2’ ತಯಾರಾಗುತ್ತಿದ್ದಾಗ, ಕಾರು ಪುಡಿಗಟ್ಟುವ ಬೋನಸ್ ಹಂತದಲ್ಲಿ ದೋಷ ಹುಡುಕುತ್ತಿದ್ದ ಕ್ಯಾಪ್‌ಕಾಮ್‌ನ ನೊರಿತಾಕಾ ಫುನಾಮಿಜು ಇದನ್ನು ಗಮನಿಸಿದರು. ಸಮಯ ಹಿಡಿಯುವುದು ಇಷ್ಟು ಕಷ್ಟವಿರುವಾಗ ಯಾರಿಗೂ ಉಪಯೋಗವಾಗದು ಎಂದುಕೊಂಡು ಹಾಗೇ ಉಳಿಸಿದರು. ಆಟಗಾರರು ಅದನ್ನೇ ಸಾಧನೆ ಮಾಡಿ ವಿದ್ಯೆಯಾಗಿಸಿದರು.

2008ರ ‘ಸ್ಟ್ರೀಟ್ ಫೈಟರ್ 4’ರಲ್ಲಿ ಕೆಲವು ಏಟುಗಳನ್ನು ಜೋಡಿಸಲು ಸಿಗುತ್ತಿದ್ದುದು ಒಂದೇ ಫ್ರೇಮ್. ಹತ್ತಕ್ಕೆ ಎಂಟು ಸಲ ಅದನ್ನು ಹಿಡಿಯಬಲ್ಲವನಿಗೂ ಅಂಥ ಐದು ಜೋಡಣೆ ಸತತವಾಗಿ ಕೂಡಿಬರುವುದು ಮೂರರಲ್ಲಿ ಒಂದು ಸಲ ಮಾತ್ರ. ಗುಂಡಿಗಳ ಕ್ರಮವನ್ನೂ ಅಂತರವನ್ನೂ ದಾಖಲಿಸಿಕೊಂಡ ಮ್ಯಾಕ್ರೊಗೆ ಈ ಅಳುಕಿಲ್ಲ.

ಆದರೆ ಮ್ಯಾಕ್ರೊ ತಾಳಯಂತ್ರವಿದ್ದ ಹಾಗೆ. ಅದರ ಲಯ ಕರಾರುವಾಕ್ಕು, ಕಿವಿ ಮಾತ್ರ ಇಲ್ಲ. ಗಾಯಕ ಸಾಲನ್ನು ಎಳೆದರೆ ಮೃದಂಗದವನು ಜೊತೆಗೂಡುತ್ತಾನೆ. ಯಂತ್ರ ತನ್ನ ಪಾಡಿಗೆ ಬಡಿಯುತ್ತಲೇ ಇರುತ್ತದೆ. ಎದುರಾಳಿ ಏಟನ್ನು ತಡೆದರೂ ಮ್ಯಾಕ್ರೊ ನಿಲ್ಲದು; ಆತ ಹಾರಿ ಇನ್ನೊಂದು ಬದಿಗೆ ಹೋದರೆ ಎಡ-ಬಲ ಅದಲುಬದಲಾಗಿ ಇಡೀ ಸರಣಿ ಕೆಡುತ್ತದೆ. ಪಳಗಿದ ಆಟಗಾರ ಮೊದಲ ಏಟು ತಗುಲಿತೇ ಎಂದು ನೋಡಿಯೇ ಮುಂದುವರಿಯುತ್ತಾನೆ. ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 200 ಮಿಲಿಸೆಕೆಂಡ್, ಅಂದರೆ 12 ಫ್ರೇಮ್ ಬೇಕು. ಆ ನಿರ್ಧಾರವನ್ನು ಮ್ಯಾಕ್ರೊ ಮಾಡಿಕೊಡದು.

ಹಾಗಾದರೆ ಅದು ನಿರುಪದ್ರವಿಯೇ? ಖಂಡಿತ ಅಲ್ಲ. ಕಷ್ಟದ ಕಾಂಬೊ ಕೈತಪ್ಪಿದರೆ ಆಟಗಾರ ತಾನೇ ಏಟು ತಿನ್ನುತ್ತಾನೆ. ದೊಡ್ಡ ಪ್ರತಿಫಲಕ್ಕೆ ಅವನು ತೆರುವ ಬೆಲೆ ಅದೇ. ಮ್ಯಾಕ್ರೊ ಅಪಾಯವನ್ನು ಅಳಿಸಿ ಪ್ರತಿಫಲವನ್ನಷ್ಟೇ ಉಳಿಸುತ್ತದೆ. 2023ರ ‘ಸ್ಟ್ರೀಟ್ ಫೈಟರ್ 6’ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿದೆ: ಅದರ ‘ಮಾಡರ್ನ್’ ವಿಧಾನದಲ್ಲಿ ವಿಶೇಷ ಏಟನ್ನು ಸುಲಭದ ಗುಂಡಿಯಿಂದ ಹೊಡೆಯಬಹುದು, ಆದರೆ ಏಟಿನ ಬಲ ಶೇ. 20ರಷ್ಟು ಇಳಿಯುತ್ತದೆ. ಸೌಲಭ್ಯ ಎಲ್ಲರಿಗೂ ಒಂದೇ, ಬೆಲೆಯೂ ಒಂದೇ.

ಮನೆಯಲ್ಲಿ ಮ್ಯಾಕ್ರೊ ಇಟ್ಟುಕೊಂಡು ಆಡಿ, ಅಡ್ಡಿಯಿಲ್ಲ. ಪಂದ್ಯಕ್ಕೆ ಮಾತ್ರ ನಿಮ್ಮ ಬೆರಳುಗಳನ್ನೇ ಕರೆದೊಯ್ಯಿರಿ.