ಅವಳಿ ಗರ್ಭ: ರಕ್ತದ ರಿಪೋರ್ಟ್ ಓದುವುದು ಹೇಗೆ?



ಮುಂಬ್ರಾ, ಕಳವಾ, ಡೊಂಬಿವಲಿ, ಕಲ್ಯಾಣದ ನಮ್ಮ ಮನೆಗಳಲ್ಲಿ ಸೋನೋಗ್ರಫಿಯಲ್ಲಿ ಅವಳಿ ಎಂದು ತಿಳಿದರೆ ಖುಷಿಯ ಜೊತೆಗೆ ಆತಂಕವೂ ಆಗುತ್ತದೆ. ರಕ್ತದ ರಿಪೋರ್ಟ್‌ನಲ್ಲಿ ದಪ್ಪ ಅಕ್ಷರದ ಅಂಕಿ ಕಂಡರೆ ಗಾಬರಿ, ಇಲ್ಲದಿದ್ದರೆ ನಿಶ್ಚಿಂತೆ. ಎರಡೂ ಸರಿಯಲ್ಲ. ಪಕ್ಕದಲ್ಲಿ ಅಚ್ಚಾಗಿರುವ 'ನಾರ್ಮಲ್' ಅಳತೆ ಸಾಮಾನ್ಯವಾಗಿ ಗರ್ಭಿಣಿಯರಿಗಾಗಿ ಹಾಕಿದ್ದಲ್ಲ.

*ಹಿಮೋಗ್ಲೋಬಿನ್:* ಒಂದೇ ಮಗುವಿದ್ದಾಗಲೂ ರಕ್ತದ ನೀರಿನಂಶ ಸುಮಾರು ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಅವಳಿ ಇದ್ದರೆ ಇನ್ನೂ ಹೆಚ್ಚು. ಕೆಂಪು ಕಣ ಅಷ್ಟು ಹೆಚ್ಚುವುದಿಲ್ಲ. ಸಾರಿಗೆ ನೀರು ಸೇರಿಸಿದರೆ ತೆಳ್ಳಗಾಗುತ್ತದಲ್ಲ, ಹಾಗೆ. ಆದ್ದರಿಂದ ಅಂಕಿ ಸ್ವಲ್ಪ ಇಳಿಯುವುದು ಸಹಜ. ಆದರೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ. 7ಕ್ಕಿಂತ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇಬ್ಬರು ಮಕ್ಕಳಿಗೆ ಕಬ್ಬಿಣಾಂಶ ಹೆಚ್ಚು ಬೇಕು. ಮಾತ್ರೆ ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ, ನೀವೇ ಎರಡು ಮಾಡಬೇಡಿ. ಚಹಾದ ಜೊತೆ ಮಾತ್ರೆ ಬೇಡ. ಮಲ ಕಪ್ಪಾದರೆ ಹೆದರಿ ಬಿಡಬೇಡಿ, ಅದು ಮಾತ್ರೆಯ ಬಣ್ಣ.

*ಆಲ್ಕಲೈನ್ ಫಾಸ್ಫಟೇಸ್:* ಇದನ್ನು ಮಾಸು ಕೂಡ ತಯಾರಿಸುತ್ತದೆ. ಇದೊಂದೇ ಏರಿದ್ದರೆ ಲಿವರ್ ಕೆಟ್ಟಿದೆ ಎಂದು ಅರ್ಥವಲ್ಲ.

*ಕ್ರಿಯಾಟಿನಿನ್:* ಇಲ್ಲಿ ಉಲ್ಟಾ. ಗರ್ಭಿಣಿಯರಲ್ಲಿ ಇದು ಇಳಿಯಬೇಕು. 0.9 ಅಥವಾ 1 ಬಂದರೆ ರಿಪೋರ್ಟ್ 'ನಾರ್ಮಲ್' ಎಂದರೂ ವೈದ್ಯರಿಗೆ ತೋರಿಸಿ.

*ಪ್ಲೇಟ್‌ಲೆಟ್:* ಸ್ವಲ್ಪ ಇಳಿಯುತ್ತದೆ. ಆದರೆ ಬಿಪಿ 140/90 ದಾಟಿ, ಪ್ಲೇಟ್‌ಲೆಟ್ ಕೂಡ ಇಳಿಯುತ್ತಿದ್ದರೆ ಅಪಾಯ. ಅವಳಿ ಗರ್ಭದಲ್ಲಿ ಬಿಪಿ ತೊಂದರೆ ಹೆಚ್ಚು.

*ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು:* ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖದಲ್ಲಿ ಬಾವು, ರಕ್ತಸ್ರಾವ. ಗುಳ್ಳೆ ಇಲ್ಲದೆ ಅಂಗೈ, ಅಂಗಾಲು ರಾತ್ರಿ ತುರಿಸಿದರೆ 'ಉಷ್ಣ' ಎಂದು ಸುಮ್ಮನಾಗಬೇಡಿ. ಪಿತ್ತಾಮ್ಲ ಮತ್ತು ಲಿವರ್ ಪರೀಕ್ಷೆ ಮಾಡಿಸಿ.

*ತವರಿಗೆ ಹೊರಡುವ ಮುನ್ನ:* ಏಳನೇ ತಿಂಗಳು ಕಳೆದ ಮೇಲೆ ಕಲಬುರಗಿ, ವಿಜಯಪುರದ ಕಡೆ ಹೆರಿಗೆಗೆ ಹೋಗುವುದು ನಮ್ಮ ರೂಢಿ. ಆದರೆ ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರಕ್ಕೆ ಮೊದಲೇ ಹುಟ್ಟುತ್ತವೆ. ಆದ್ದರಿಂದ ಹೋಗುವುದೋ ಬೇಡವೋ, ಯಾವಾಗ ಎಂದು ವೈದ್ಯರನ್ನು ಮೊದಲೇ ಕೇಳಿ. ಹೋಗುವ ಊರಿನ ಹತ್ತಿರ ನವಜಾತ ಶಿಶು ಘಟಕ ಇರುವ ಆಸ್ಪತ್ರೆ ಯಾವುದೆಂದು ತಿಳಿದುಕೊಳ್ಳಿ. ತಾಯಿ ಕಾರ್ಡ್ ಮತ್ತು ಎಲ್ಲ ರಿಪೋರ್ಟ್ ಒಂದೇ ಫೈಲಿನಲ್ಲಿ ಜೊತೆಗಿರಲಿ. ಹೊಸ ವೈದ್ಯರಿಗೆ ಒಂದು ಅಂಕಿಗಿಂತ ಅದು ತಿಂಗಳಿಂದ ತಿಂಗಳಿಗೆ ಏರಿತೋ ಇಳಿಯಿತೋ ಎಂಬುದೇ ಮುಖ್ಯ.

ಇಲ್ಲೇ ಹೆರಿಗೆ ಎಂದಾದರೆ ಮುಂಬ್ರಾದವರಿಗೆ ಕಳವಾದಲ್ಲಿ ಠಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಹತ್ತಿರ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತುರ್ತಿಗೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ 108.

ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳಿದ್ದರೆ ಇದನ್ನು ಓದಿ ಹೇಳಿ. ನಮ್ಮವರ ಗ್ರೂಪ್‌ಗಳಿಗೂ ಕಳಿಸಿ.